ಮದ್ದಿನ ಪೆಟ್ಟಿಗೆಯ ಸಂತ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ರಾಗಿ ಹೊಲ, ರೇಷ್ಮೆ ತೋಟಗಳಲ್ಲಿ ದುಡಿಯುವ ನಿಮಗೆ ಹಾವಿನ ಭಯ ಹೊಸದಲ್ಲ. ಆ ಭಯವನ್ನೇ ಹೋಲಿಕೆಯಾಗಿಸಿ ದೊಡ್ಡ ಗ್ರಂಥ ಬರೆದವರು ಸಂತ ಎಪಿಫಾನಿಯುಸ್.

ಪಾಲೆಸ್ತೀನಿನಲ್ಲಿ ಹುಟ್ಟಿದ ಅವರು ಯೌವನದಲ್ಲಿ ಈಜಿಪ್ಟಿನ ಸನ್ಯಾಸಿಗಳೊಡನೆ ಬಾಳಿದರು. ಊರಿಗೆ ಮರಳಿ ಮಠ ಕಟ್ಟಿದರು. ಮುಂದೆ ಸೈಪ್ರಸ್ ದ್ವೀಪದ ಸಲಾಮಿಸ್ ನಗರದ ಧರ್ಮಾಧ್ಯಕ್ಷರಾದರು. ಕ್ರಿ.ಶ. 375ರ ಸುಮಾರಿಗೆ, ಇಬ್ಬರು ಗುರುಗಳ ಕೋರಿಕೆಯ ಮೇರೆಗೆ 'ಪನಾರಿಯೊನ್' ಬರೆದರು. ಮದ್ದಿನ ಪೆಟ್ಟಿಗೆ ಎಂಬ ಅರ್ಥದಲ್ಲಿ ಇಟ್ಟ ಹೆಸರದು. ಅದರಲ್ಲಿ 80 ಪಂಥಗಳ ವಿಚಾರವಿದೆ. ಅನೇಕ ಪಂಥಗಳನ್ನು ಹಾವು ಮೊದಲಾದ ವಿಷಜಂತುಗಳಿಗೆ ಹೋಲಿಸಿ, ಧರ್ಮಸಭೆಯ ವಿಶ್ವಾಸವನ್ನೇ ಮದ್ದಾಗಿ ಕೊಟ್ಟರು.

ಆದರೆ ವೈದ್ಯನೂ ಎಡವುತ್ತಾನೆ. ವೃದ್ಧಾಪ್ಯದಲ್ಲಿ ಅವರು, ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಥಿಯೊಫಿಲುಸರ ಮಾತು ನಂಬಿ ಕಾನ್‌ಸ್ಟಾಂಟಿನೋಪಲಿಗೆ ಹೋದರು. ಆಪಾದನೆಗೊಳಗಾದ ಸನ್ಯಾಸಿಗಳಿಗೆ ಆಶ್ರಯ ಕೊಟ್ಟಿದ್ದ ಯೊವಾನ್ನ ಕ್ರಿಸೊಸ್ತೋಮರನ್ನೇ ದೂರವಿಟ್ಟರು. 403ರಲ್ಲಿ ಹಿಂದಿರುಗುವಾಗ ಹಡಗಿನಲ್ಲೇ ತೀರಿಕೊಂಡರು. ಇಂದು ಧರ್ಮಸಭೆಗೆ ಇಬ್ಬರೂ ಸಂತರೇ.

ಹಾವು ಕಚ್ಚಿದವನನ್ನು ಹೊತ್ತು ಆಸ್ಪತ್ರೆಗೆ ಓಡುತ್ತೇವೆ; ಅವನನ್ನೇ ಹಾವೆಂದು ಬಡಿಯುವುದಿಲ್ಲ. ಬೇರೆ ಸಭೆಗಳಲ್ಲಿ ಹುಟ್ಟಿ ಬೆಳೆದ ಕ್ರೈಸ್ತರನ್ನು ಸಹೋದರರಂತೆ ಗೌರವಿಸಬೇಕೆಂದು 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಕಲಿಸಿತು. ನಿಮ್ಮ ಮನೆಯ ಮಗನೋ ಮಗಳೋ ಪೂಜೆಗೆ ಬರುವುದನ್ನು ಬಿಟ್ಟು ಬೇರೆ ದಾರಿ ಹಿಡಿದಿದ್ದರೆ, ಬಾಗಿಲು ಮುಚ್ಚಬೇಡಿ. ಈ ಭಾನುವಾರ ಊಟಕ್ಕೆ ಕರೆಯಿರಿ. ಮೊದಲು ಅವರ ಮಾತು ಕೇಳಿ. ಮದ್ದಿನ ಮಾತು ಆಮೇಲೆ.