ಸರ್ಪಗಂಧದ ಬೇರು ಬಿಪಿಗೂ ಟೆನ್ಷನ್‌ಗೂ ರಾಮಬಾಣವೇ? ಡಾ. ರುಸ್ತುಂ ವಕೀಲ್ ಬದುಕಿನಲ್ಲಿದೆ ಉತ್ತರ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯವರಿಗೆ ಸರ್ಪಗಂಧ ಹೊಸ ಗಿಡವಲ್ಲ. ಇದರ ಬೇರಿನ ಪುಡಿ ತಿಂದರೆ ಬಿಪಿ ಇಳಿಯುತ್ತದೆ, ಟೆನ್ಷನ್ ಹೋಗುತ್ತದೆ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಈ ಬೇರಿಗೆ ಜಗತ್ತಿನಲ್ಲಿ ಹೆಸರು ತಂದ ವೈದ್ಯರ ಕಥೆ ಓದಿ.

ರುಸ್ತುಂ ಜಾಲ್ ವಕೀಲ್ ಹುಟ್ಟಿದ್ದು 1911ರಲ್ಲಿ. ಲಂಡನ್‌ನಲ್ಲಿ ವೈದ್ಯಕೀಯ ಓದಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞರಾಗಿ ದುಡಿದರು. ಆ ಕಾಲದಲ್ಲಿ ಬಿಪಿಗೆ ಸರಿಯಾದ ಮಾತ್ರೆ ಇರಲಿಲ್ಲ. ವಿಶ್ರಾಂತಿ, ನಿದ್ದೆ ಬರಿಸುವ ಔಷಧ, ಇಷ್ಟೇ. ಸರ್ಪಗಂಧ ಬಿಪಿ ಇಳಿಸುತ್ತದೆ ಎಂದು ಕಲ್ಕತ್ತಾದ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ವಕೀಲರು ಅದನ್ನು ಕೇಳಿ ನಂಬಿ ಸುಮ್ಮನಾಗಲಿಲ್ಲ. ಬೇರೆ ಚಿಕಿತ್ಸೆಗೆ ಬಗ್ಗದ 50 ರೋಗಿಗಳಿಗೆ ಕೊಟ್ಟು, ಬಿಪಿ ಅಳೆದು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಹೆಚ್ಚಿನವರಿಗೆ ಬಿಪಿ ಇಳಿದಿತ್ತು.

1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಈ ಬೇರಿನಿಂದ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿತು. ಅದು ಮಾತ್ರೆಯಾಯಿತು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ, ಮರುವರ್ಷ ಪದ್ಮಭೂಷಣ ಬಂತು.

ಆದರೆ ಅಷ್ಟರಲ್ಲೇ ಇನ್ನೊಂದು ಪ್ರಶ್ನೆ ಎದ್ದಿತ್ತು. ಈ ಮಾತ್ರೆ ತಿಂದ ಕೆಲವರು ಖಿನ್ನರಾದರು ಎಂಬ ವರದಿಗಳು ಬಂದವು. ಪ್ರಯೋಗಾಲಯದ ಇಲಿಗಳಿಗೆ ಕೊಟ್ಟಾಗ ಅವು ರೆಪ್ಪೆ ಜೋತು, ಮೈ ತಣ್ಣಗಾಗಿ ಮುದುಡಿ ಕೂತವು. ನರಗಳಲ್ಲಿ ಸಂಗ್ರಹವಾಗಿರುವ ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ರಿಸರ್ಪಿನ್ ಖಾಲಿ ಮಾಡುತ್ತದೆ. ಬಿಪಿ ಇಳಿಯುವುದೂ ಇದರಿಂದಲೇ. ಇಲಿಯ ಈ ಸ್ಥಿತಿಯನ್ನು ತಡೆಯುವ ಔಷಧ ಖಿನ್ನತೆಗೆ ಉಪಯೋಗವಾಗಬಹುದು ಎಂದು ವಿಜ್ಞಾನಿಗಳು ಇದನ್ನೇ ಪರೀಕ್ಷೆಯಾಗಿ ಬಳಸಿದರು. ಇತ್ತ 1955ರಲ್ಲಿ ಲಂಡನ್‌ನಲ್ಲಿ ಆತಂಕ, ಖಿನ್ನತೆ ಇದ್ದ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ರಿಸರ್ಪಿನ್‌ನಿಂದ ಸುಧಾರಣೆಯೇ ಕಂಡಿತ್ತು! ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಹಾಗೆಯೇ ಅನ್ವಯಿಸದು.

ವಕೀಲರು 1974ರಲ್ಲಿ ತೀರಿಕೊಂಡರು. ಇಂದು ಬಿಪಿಗೆ ಬೇರೆ ಒಳ್ಳೆಯ ಮಾತ್ರೆಗಳಿವೆ. ವೈದ್ಯರು ರಿಸರ್ಪಿನ್ ಬರೆಯುವುದು ಅಪರೂಪ. ಖಿನ್ನತೆ ಇದ್ದವರಿಗೆ ಅದನ್ನು ಕೊಡುವುದಿಲ್ಲ.

ಹಾಗಾದರೆ ಮೆಸೇಜ್ ಸುಳ್ಳೇ? ಬಿಪಿ ಇಳಿಯುವುದು ನಿಜ. ರಾಮಬಾಣ ಎಂಬುದು ಸುಳ್ಳು. ಬೇರಿನ ಪುಡಿಯಲ್ಲಿ ಔಷಧದ ಅಂಶ ಎಷ್ಟಿದೆ ಎಂದು ಮನೆಯಲ್ಲಿ ಅಳೆಯಲಾಗದು. ಬಿಪಿ ಮಾತ್ರೆಯ ಜೊತೆ ತಿಂದರೆ ಬಿಪಿ ವಿಪರೀತ ಕುಸಿಯಬಹುದು. ಮಾತ್ರೆ ಬಿಟ್ಟು ಇದನ್ನೇ ನಂಬಿದರೆ ಪಾರ್ಶ್ವವಾಯುವಿನ ಅಪಾಯ. ವಕೀಲರು ಮಾಡಿದ್ದೂ ಇಷ್ಟೇ: ಮೊದಲು ಅಳೆದರು, ಆಮೇಲೆ ಹೇಳಿದರು. ನೀವೂ ಬಿಪಿ ಅಳೆಸಿ, ವೈದ್ಯರನ್ನು ಕೇಳಿ, ಆಮೇಲೆ ಫಾರ್ವರ್ಡ್ ಮಾಡಿ.