ಕಂಡಿದ್ದನ್ನ ಬರೆದಿಟ್ಟ, ಬರೆದಿದ್ದನ್ನ ಹಂಚಿದ: ಹಕ್ಕಿ ಅಜ್ಜ ಸಲೀಂ ಅಲಿ ಬದುಕು

ಕಾರವಾರ: ಪಣಜಿ ಕಡೆ ಹೋದವರಲ್ಲಿ ಕೆಲವರು ರಿಬಂದರ್‌ನಿಂದ ಫೆರಿ ಹತ್ತಿ ಮಾಂಡವಿ ನದಿ ದಾಟಿರುತ್ತಾರೆ. ಆಚೆ ದಡದ ಚೊರಾವ್ ದ್ವೀಪದಲ್ಲಿ ಕಾಂಡ್ಲಾ ಕಾಡು, ಕೆಸರಲ್ಲಿ ಕುಣಿಯುವ ಏಡಿ, ಬೆಳ್ಳಕ್ಕಿ, ಮಿಂಚುಳ್ಳಿ. ಎರಡು ಚದರ ಕಿ.ಮೀ.ಗಿಂತಲೂ ಚಿಕ್ಕದಾದ ಆ ಪಕ್ಷಿಧಾಮಕ್ಕೆ ಇಟ್ಟಿರೋದು ಡಾ. ಸಲೀಂ ಅಲಿ ಹೆಸರು.

ಸಲೀಂ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ಮನೆಯ ಹತ್ತನೇ ಮಗು. ಚಿಕ್ಕಂದಿನಲ್ಲೇ ತಂದೆ-ತಾಯಿ ತೀರಿಕೊಂಡರು, ಸಾಕಿದ್ದು ಸೋದರಮಾವ. ಒಂದಿನ ಹುಡುಗ ಆಟದ ಏರ್‌ಗನ್‌ನಿಂದ ಗುಬ್ಬಿಯೊಂದನ್ನ ಹೊಡೆದ. ನೋಡಿದರೆ ಅದರ ಕುತ್ತಿಗೆ ಮೇಲೆ ಹಳದಿ ಮಚ್ಚೆ. ಇದು ಯಾವ ಹಕ್ಕಿ ಅನ್ನೋದು ಮಾವನಿಗೂ ಗೊತ್ತಾಗಲಿಲ್ಲ. ಅವರು ಹುಡುಗನನ್ನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಕಾರ್ಯದರ್ಶಿ ಮಿಲಾರ್ಡ್ ಗದರಲಿಲ್ಲ. ಹಕ್ಕಿ ಗುರುತಿಸಿಕೊಟ್ಟರು, ಸಂಗ್ರಹ ತೋರಿಸಿದರು, ಪುಸ್ತಕ ಕೊಟ್ಟರು. ದೊಡ್ಡವರೊಬ್ಬರು ತಮಗೆ ಗೊತ್ತಿದ್ದನ್ನ ಹಂಚಿಕೊಂಡ ಆ ಒಂದು ಗಳಿಗೆ ಹುಡುಗನ ದಾರಿಯನ್ನೇ ಬದಲಿಸಿತು.

ಆ ದಾರಿ ಸುಲಭದ್ದಾಗಿರಲಿಲ್ಲ. ಬರ್ಮಾದಲ್ಲಿ ಮನೆಯವರ ವ್ಯಾಪಾರ ನೋಡಿಕೊಳ್ಳಲು ಹೋದರೆ, ಮನಸ್ಸೆಲ್ಲ ಕಾಡಿನ ಹಕ್ಕಿ ಮೇಲೆ. ವ್ಯಾಪಾರ ಕೈ ಹಿಡಿಯಲಿಲ್ಲ. 1926ರಲ್ಲಿ ಮುಂಬೈ ಮ್ಯೂಸಿಯಂನಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ರಜೆ ಹಾಕಿ ಜರ್ಮನಿಗೆ ಹೋಗಿ ಪಕ್ಷಿಶಾಸ್ತ್ರ ಕಲಿತರು. 1930ರಲ್ಲಿ ವಾಪಸ್ ಬಂದರೆ, ದುಡ್ಡಿಲ್ಲ ಅಂತ ಆ ಹುದ್ದೆಯನ್ನೇ ತೆಗೆದುಹಾಕಿದ್ದರು!

ಖರ್ಚು ಕಡಿಮೆ ಆಗಲಿ ಅಂತ ಹೆಂಡತಿ ತೆಹಮಿನಾ ಜೊತೆ ಅಲಿಬಾಗ್ ಹತ್ತಿರದ ಕಡಲೂರು ಕಿಹಿಮ್ ಸೇರಿದರು. ಅಲ್ಲಿ ಮನೆ ಹತ್ತಿರವೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಕೆಲಸವಿಲ್ಲದ ಮನುಷ್ಯ ದಿನಗಟ್ಟಲೆ ಕೂತು ನೋಡಿದರು. ಗಂಡು ಹಕ್ಕಿ ಅರ್ಧ ಗೂಡು ಕಟ್ಟುತ್ತೆ. ಹೆಣ್ಣು ಬಂದು ಪರೀಕ್ಷೆ ಮಾಡಿ ಒಪ್ಪಿದರೆ ಮಾತ್ರ ಉಳಿದರ್ಧ. ಆಮೇಲೆ ಗಂಡು ಇನ್ನೊಂದು ಗೂಡಿಗೆ ಕೈ ಹಾಕುತ್ತೆ, ಇನ್ನೊಂದು ಹೆಣ್ಣಿಗೆ ಕಾಯುತ್ತೆ! ಇದನ್ನ ಬರೆದು ಪ್ರಕಟಿಸಿದಾಗ ಪಕ್ಷಿ ತಜ್ಞರು ತಿರುಗಿ ನೋಡಿದರು.

1939ರಲ್ಲಿ ತೆಹಮಿನಾ ತೀರಿಕೊಂಡರು. ಬೆನ್ನೆಲುಬೇ ಮುರಿದಂತಾಯ್ತು. ಆದರೂ ಮೈಸೂರು ಸಂಸ್ಥಾನದ ಹಕ್ಕಿ ಸಮೀಕ್ಷೆ ಮುಗಿಸಿದರು. ಶ್ರೀರಂಗಪಟ್ಟಣದ ಬಳಿ ಕಾವೇರಿ ನಡುಗಡ್ಡೆಗಳಲ್ಲಿ ಹಕ್ಕಿ ಗೂಡುಗಳನ್ನ ಕಂಡು ಅರಮನೆಗೆ ತಿಳಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯ್ತು. ಮರುವರ್ಷ ಬಂದ ಅವರ ಹಕ್ಕಿ ಪುಸ್ತಕ ಹಿಡಿದು ಸಾಮಾನ್ಯ ಜನರೂ ಹಕ್ಕಿ ಗುರುತಿಸಲು ಕಲಿತರು.

ಕಛ್‌ನ ರಣ್‌ನಲ್ಲಿ ಫ್ಲೆಮಿಂಗೊಗಳ ಕೆಸರುಗೂಡಿನ ಊರನ್ನೇ ನೋಡಿ ಬಂದರು. ತಮಿಳುನಾಡಿನ ಕೋಡಿಯಕ್ಕರೈ ಕಡಲತೀರದಲ್ಲಿ ಸೊಸೈಟಿಯವರು ವಲಸೆ ಹಕ್ಕಿ ಕಾಲಿಗೆ ಉಂಗುರ ತೊಡಿಸುವ ಕೆಲಸಕ್ಕೆ ಹಿರಿಯರಾಗಿ ನಿಂತರು. ಆ ಜಾಗ 1967ರಲ್ಲಿ ಅಭಯಾರಣ್ಯವಾಯ್ತು. 1976ರಲ್ಲಿ ಬಂದ ದೊಡ್ಡ ಅಂತರರಾಷ್ಟ್ರೀಯ ಪ್ರಶಸ್ತಿಯ ಹಣ ಸಂರಕ್ಷಣೆ ಕೆಲಸಕ್ಕೆ ಅಂತ ಸೊಸೈಟಿಗೇ ಹೋಯ್ತು. ಅದೇ ವರ್ಷ ಪದ್ಮವಿಭೂಷಣವೂ ಬಂತು.

1987ರ ಜೂನ್ 20ರಂದು, 90ರ ಹರೆಯದಲ್ಲಿ ಅವರು ತೀರಿಕೊಂಡರು. ಮರುವರ್ಷ ಚೊರಾವ್ ಪಕ್ಷಿಧಾಮವಾಯ್ತು.

ನಮ್ಮ ಅಘನಾಶಿನಿ ಅಳಿವೆಗೂ 2024ರಲ್ಲಿ ರಾಮ್ಸರ್ ಪಟ್ಟ ಸಿಕ್ಕಿದೆ. ಚಿಪ್ಪಿ ಆರಿಸುವವರು, ಗಜನಿ ಗದ್ದೆಯವರು ದಿನಾ ಹಕ್ಕಿ ನೋಡುತ್ತಲೇ ಇರುತ್ತಾರೆ. ಯಾವ ಹಕ್ಕಿ, ಯಾವ ದಿನ, ಎಷ್ಟು ಅಂತ ಬರೆದಿಟ್ಟು ನಾಲ್ಕು ಜನಕ್ಕೆ ಹೇಳಿದರೆ ಸಾಕು. ಸಲೀಂ ಅಲಿ ಜೀವನವಿಡೀ ಮಾಡಿದ್ದೂ ಅದನ್ನೇ.