ಓಣಿಯ ನಕಾಶೆ ಹಿಡಿದು ಕಾಲರಾ ಮೂಲ ಹುಡುಕಿದ ಡಾ. ಜಾನ್ ಸ್ನೋ

ಜಮಖಂಡಿ: ಒಂದೇ ಓಣಿಯಲ್ಲಿ ನಾಲ್ಕು ಮನೆಗೆ ವಾಂತಿ-ಭೇದಿ ಆದ್ರೆ ನಮ್ಮ ಮಂದಿ ಮೊದಲು ನೋಡೋದು ಗಟಾರದಾಗ ನಲ್ಲಿ ಪೈಪು ಒಡೆದಿದೆಯಾ ಅಂತ. 170 ವರ್ಷದ ಹಿಂದೆ ಇದನ್ನೇ ಹೇಳಿದ ಲಂಡನ್ನಿನ ಡಾ. ಜಾನ್ ಸ್ನೋ ಅವರನ್ನು ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಲಿಲ್ಲ.

ಸ್ನೋ ಹುಟ್ಟಿದ್ದು 1813ರಲ್ಲಿ, ಇಂಗ್ಲೆಂಡಿನ ಯಾರ್ಕ್ ಊರಿನ ಕೂಲಿಕಾರನ ಮನೆಯಲ್ಲಿ. ಒಂಬತ್ತು ಮಕ್ಕಳಲ್ಲಿ ಹಿರಿಯವರು. 14ನೇ ವಯಸ್ಸಿಗೇ ವೈದ್ಯರೊಬ್ಬರ ಕೈಕೆಳಗೆ ಕೆಲಸ ಕಲಿಯಲು ಸೇರಿದರು. ಮುಂದೆ ರಾಣಿ ವಿಕ್ಟೋರಿಯಾ ಹೆರಿಗೆಗೆ ಕ್ಲೋರೋಫಾರ್ಮ್ ಕೊಡುವಷ್ಟು ಹೆಸರು ಮಾಡಿದರು. ಕಾಲರಾ ಕೆಟ್ಟ ಗಾಳಿಯಿಂದ ಬರುತ್ತೆ ಅಂತ ಆಗಿನವರು ನಂಬಿದ್ದರು. ಇವರು ಮಾತ್ರ ನೀರು ಅಂದರು.

1854ರ ಆಗಸ್ಟ್ ಕೊನೆಗೆ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಬಿತ್ತು. 600ಕ್ಕೂ ಹೆಚ್ಚು ಜನ ಸತ್ತರು. ಸ್ನೋ ಮನೆಮನೆಗೆ ಹೋಗಿ ಕುಡಿಯೋ ನೀರು ಎಲ್ಲಿಂದ ತರ್ತೀರಿ ಅಂತ ಕೇಳಿದರು. ಸತ್ತವರಲ್ಲಿ ಹೆಚ್ಚಿನವರು ಒಂದೇ ಕೈಪಂಪಿನ ಆಸುಪಾಸಿನವರು. ಅದೇ ಬೀದಿಯ ಬಿಯರ್ ಕಾರ್ಖಾನೆ ಕೆಲಸಗಾರರು ಉಳಿದರು. ಅವರು ಕುಡೀತಿದ್ದದ್ದು ಬಿಯರು, ಜೊತೆಗೆ ಕಾರ್ಖಾನೆಗೆ ಸ್ವಂತ ಬಾವಿ. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ವಿಧವೆಯೊಬ್ಬರು ಸತ್ತರು. ಆ ಪಂಪಿನ ನೀರೇ ರುಚಿ ಅಂತ ದಿನಾ ತರಿಸಿ ಕುಡೀತಿದ್ದರಂತೆ. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆ ಕಿತ್ತರು. ಅಷ್ಟೊತ್ತಿಗೆ ಬಹಳ ಮಂದಿ ಓಣಿ ಬಿಟ್ಟು ಹೋಗಿದ್ದರು, ರೋಗವೂ ಇಳಿಯುತ್ತಿತ್ತು. ಹಿಡಿಕೆ ಕಿತ್ತ ಕೂಡಲೇ ಕಾಲರಾ ನಿಂತಿತು ಅನ್ನೋದು ಆಮೇಲೆ ಕಟ್ಟಿದ ಕತೆ. ಸತ್ತವರ ಮನೆಗೆ ಒಂದೊಂದು ಕಪ್ಪು ಗೆರೆ ಎಳೆದ ಅವರ ನಕಾಶೆ 1855ರ ಪುಸ್ತಕದಲ್ಲಿ ಬಂತು.

ನಕಾಶೆ ನೋಡಿಯೂ ಅಧಿಕಾರಿಗಳು ಒಪ್ಪಲಿಲ್ಲ. ಆ ಓಣಿಯ ಪಾದ್ರಿ ಹೆನ್ರಿ ವೈಟ್‌ಹೆಡ್ ಅಂತೂ ಸ್ನೋ ಹೇಳಿದ್ದು ತಪ್ಪು ಅಂತ ತೋರಿಸಲಿಕ್ಕೇ ಹೊರಟವರು. ಆದರೆ ಅವರಿಗೆ ಅಲ್ಲಿನ ಮನೆಮನೆಯ ಪರಿಚಯ ಇತ್ತು. ಕೆಲವು ಮನೆಗೆ ನಾಲ್ಕೈದು ಸಲ ಹೋದರು, ಬದುಕಿದವರನ್ನೂ ಕೇಳಿದರು. ಕೊನೆಗೆ 40ನೇ ನಂಬರಿನ ಮನೆ ಸಿಕ್ಕಿತು. ಅಲ್ಲಿ ಕೂಸಿಗೆ ಭೇದಿ ಹತ್ತಿ, ತಾಯಿ ಬಟ್ಟೆ ತೊಳೆದ ನೀರನ್ನು ಮನೆ ಮುಂದಿನ ಗುಂಡಿಗೆ ಚೆಲ್ಲಿದ್ದಳು. ಅಗೆಸಿ ನೋಡಿದರೆ ಗುಂಡಿಗೂ ಪಂಪಿನ ಬಾವಿಗೂ ಮೂರಡಿನೂ ಅಂತರ ಇಲ್ಲ, ಇಟ್ಟಿಗೆ ಸಡಿಲಾಗಿ ಹೊಲಸು ಬಾವಿಗೆ ಸೋರುತ್ತಿತ್ತು. ನಕಾಶೆಗೆ ಸಿಗದ ಕೂಸು ಓಣಿ ಬಲ್ಲವರಿಗೆ ಸಿಕ್ಕಿತು.

ಈಗ ನಮ್ಮ ತಾಲ್ಲೂಕುಗಳ ಕೇಸುಗಳೂ ಐಎಚ್‌ಐಪಿ ಅನ್ನೋ ಸರ್ಕಾರಿ ಪೋರ್ಟಲ್‌ಗೆ ಜಾಗದ ಸಮೇತ ಏರುತ್ತವೆ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಎಲ್ಲೇ ಇರಲಿ, ಆಶಾ ಅಕ್ಕ ಬಾಗಿಲಿಗೆ ಬಂದಾಗ ಮನ್ಯಾಗ ಎಲ್ಲಾರೂ ಆರಾಮ ಅದೀವಿ ಅಂತ ಸುಮ್ಮನೆ ಕಳಿಸಿದರೆ ಆ ಮನೆಯ ಚುಕ್ಕೆ ಬೀಳೋದೇ ಇಲ್ಲ.

ಸ್ನೋ 1858ರ ಜೂನ್ 16ರಂದು, 45ನೇ ವಯಸ್ಸಿಗೆ ತೀರಿಕೊಂಡರು. ಕಾಲರಾದ ಕ್ರಿಮಿಯನ್ನು ರಾಬರ್ಟ್ ಕಾಖ್ ಕಲ್ಕತ್ತಾದ ಕೆರೆ ನೀರಿನಲ್ಲಿ ತೋರಿಸಿದ್ದು 1884ರಲ್ಲಿ.